ಲಂಕೆಯ ಔಷಧ ಅಂಗಡಿ ಮತ್ತು ಸರಪಳಿಯ ಆಹ್ವಾನ

ಕಾಶಿಯಾತ್ರೆ ಮಾಡಿದ ಕನ್ನಡಿಗರಿಗೆ ಹನುಮಾನ್ ಘಾಟ್, ಜಂಗಮವಾಡಿ ಮಠಗಳು ಪರಿಚಿತ. ದಕ್ಷಿಣ ತುದಿಯ ಲಂಕಾ ಅಷ್ಟಾಗಿ ಪರಿಚಿತವಲ್ಲ. ಅಸ್ಸಿಯ ರಾಮಲೀಲೆಯಲ್ಲಿ ರಾವಣನ ಲಂಕೆಯ ಪ್ರಸಂಗ ನಡೆಯುತ್ತಿದ್ದ ಜಾಗವಾದ್ದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಇಲ್ಲಿರುವುದು ಕಾಶಿ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರ. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ಆ ವಿಶ್ವವಿದ್ಯಾಲಯದ ಪ್ರಥಮ ಕುಲಾಧಿಪತಿಗಳು. ಔಷಧಶಾಸ್ತ್ರದ ಆಧುನಿಕ ಶಿಕ್ಷಣ ಭಾರತದಲ್ಲಿ ಮೊದಲಾದದ್ದೂ ಇಲ್ಲಿಯೇ, 1932ರಲ್ಲಿ, ಪ್ರಾಧ್ಯಾಪಕ ಮಹಾದೇವ ಲಾಲ್ ಶ್ರಾಫ್ ಅವರ ಪ್ರಯತ್ನದಿಂದ. ಒಳಗೆ ಸರ್ ಸುಂದರಲಾಲ್ ಆಸ್ಪತ್ರೆ ಇದೆ. ಹೊರಗೆ ಸಾಲುಸಾಲು ಔಷಧ ಅಂಗಡಿಗಳು.

ಈ ಸಾಲಿನಲ್ಲಿ ಸ್ವಂತ ಅಂಗಡಿ ಇಟ್ಟಿರುವ ಫಾರ್ಮಸಿಸ್ಟನ ಮುಂದೆ ಇಂದು ಇರುವ ಪ್ರಶ್ನೆಯೇ ಮಹಾನಗರಗಳಲ್ಲಿ ಅಂಗಡಿ ನಡೆಸುತ್ತಿರುವ ನಮ್ಮವರ ಮುಂದೆಯೂ ಇದೆ. ಒಂಟಿಯಾಗಿಯೇ ಮುಂದುವರಿಯುವುದೋ, ಯಾವುದಾದರೊಂದು ಗುಂಪನ್ನು ಸೇರುವುದೋ? ಸೇರುವುದಾದರೆ ಯಾವುದನ್ನು?

ಗುಂಪುಗಳು ಒಂದೇ ಬಗೆಯವಲ್ಲ. ಫಲಕ, ಗಣಕಯಂತ್ರದ ವ್ಯವಸ್ಥೆ, ಸರಬರಾಜು ಎಲ್ಲವನ್ನೂ ತಾವೇ ಕೊಟ್ಟು ಮಾರಾಟದಲ್ಲಿ ಪಾಲು ಕೇಳುವ ಖಾಸಗಿ ಸರಪಳಿಗಳಿವೆ. ಹೆಸರು ನಿಮ್ಮದೇ ಇರಲಿ, ಖರೀದಿ ಮಾತ್ರ ನಮ್ಮಿಂದ ಆಗಲಿ ಎನ್ನುವ ಸಗಟು ಜಾಲಗಳಿವೆ. ಸೂರತ್ತಿನ ಝೋಟಾ ಹೆಲ್ತ್‌ಕೇರ್‌ನ ದವಾಇಂಡಿಯಾದಂತಹ ಜೆನೆರಿಕ್ ಸರಪಳಿಗಳಿವೆ. 2008ರಲ್ಲಿ ಆರಂಭವಾದ ಸರಕಾರದ ಜನೌಷಧಿ ಯೋಜನೆ 2025ರ ವೇಳೆಗೆ 15 ಸಾವಿರ ಕೇಂದ್ರಗಳನ್ನು ದಾಟಿತು.

ಮೊದಲು ಲೆಕ್ಕವನ್ನು ನೋಡೋಣ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಬೆಲೆ ನಿಗದಿಯಾದ ಔಷಧಗಳಲ್ಲಿ ಚಿಲ್ಲರೆ ವ್ಯಾಪಾರಿಗೆ ಸಲ್ಲುವುದು ಶೇಕಡ 16. ಇದು ಕೊಂಡ ಬೆಲೆಯ ಮೇಲಿನ ಲೆಕ್ಕ. ಮಾರಿದ ಬೆಲೆಯ ಮೇಲೆ ಶೇಕಡ 13.8 ಮಾತ್ರ. ಇತರ ಔಷಧಗಳಲ್ಲಿ ವಾಡಿಕೆಯಂತೆ ಶೇಕಡ 20ರ ಆಸುಪಾಸು. ತೆರಿಗೆಯನ್ನು ಬದಿಗಿಟ್ಟು, ತಿಂಗಳಿಗೆ 3 ಲಕ್ಷ ರೂಪಾಯಿಯ ನಿಯಂತ್ರಿತ ಔಷಧ ಮಾರಾಟವಾಯಿತೆಂದು ಭಾವಿಸಿದರೆ ಉಳಿಯುವುದು ಸುಮಾರು 41,400. ಸರಪಳಿಯ ಜಾಹೀರಾತು ಗ್ರಾಹಕನಿಗೆ ಶೇಕಡ 10 ರಿಯಾಯಿತಿ ಸಾರಿದ್ದರೆ, ಮತ್ತು ಅದು ನಿಮ್ಮ ಜೇಬಿನಿಂದಲೇ ಹೋಗುವುದಾದರೆ, 30 ಸಾವಿರ ಕಳೆಯಿತು. ಗುಂಪಿನ ಪಾಲು ಶೇಕಡ 3 ಎಂದಿಟ್ಟುಕೊಂಡರೆ, ಅದನ್ನು ರಿಯಾಯಿತಿಗೆ ಮುಂಚಿನ ಮೊತ್ತದ ಮೇಲೆ ಹಿಡಿದಾಗ ಕೈಯಲ್ಲಿ 2,400, ನಂತರದ ಮೊತ್ತದ ಮೇಲೆ ಹಿಡಿದಾಗ 3,300. ಬಾಡಿಗೆ, ಸಂಬಳ, ವಿದ್ಯುತ್ತು ಇನ್ನೂ ಬಾಕಿ! ಆದ್ದರಿಂದ ರಿಯಾಯಿತಿಯ ಭಾರ ಯಾರದು, ಪಾಲನ್ನು ಯಾವ ಮೊತ್ತದ ಮೇಲೆ ಎಣಿಸುತ್ತಾರೆ ಎಂಬ ಎರಡು ವಾಕ್ಯಗಳನ್ನು ಕರಾರಿನಲ್ಲಿ ಹುಡುಕಿ ಓದಬೇಕು. ಪ್ರತಿನಿಧಿಯ ಬಾಯಿಮಾತು ಸಾಲದು.

ಸ್ವಂತ ಹೆಸರಿನ ಸರಕಿನಲ್ಲಿ ಲಾಭಾಂಶ ಹೆಚ್ಚು ಎಂದು ಜೆನೆರಿಕ್ ಸರಪಳಿಗಳು ಹೇಳುವುದು ಸುಳ್ಳಲ್ಲ. ಆದರೆ ಔಷಧ ನಿಯಮಾವಳಿಯ 65(11ಎ) ಎಂಬ ನಿಯಮವೊಂದಿದೆ. ವೈದ್ಯರು ಶೆಡ್ಯೂಲ್ ಎಚ್ ಅಥವಾ ಎಕ್ಸ್‌ನ ಔಷಧವೊಂದನ್ನು ಬ್ರಾಂಡ್ ಹೆಸರಿನಲ್ಲಿ ಬರೆದಿದ್ದರೆ, ಒಳಗಿನ ದ್ರವ್ಯ ಅದೇ ಆಗಿದ್ದರೂ, ಬೇರೊಂದನ್ನು ಅದರ ಬದಲಿಗೆ ಕೊಡುವಂತಿಲ್ಲ. ದೊಡ್ಡ ಆಸ್ಪತ್ರೆಯ ಎದುರಿನ ಅಂಗಡಿಗೆ ಬರುವುದೆಲ್ಲ ಚೀಟಿಯ ವ್ಯಾಪಾರವೇ. ಹೀಗಾಗಿ ಸೇರುವ ಮುನ್ನ ಒಂದು ವಾರದ ಚೀಟಿಗಳನ್ನು ಎದುರಿಗಿಟ್ಟುಕೊಂಡು, ಅವುಗಳಲ್ಲಿ ಎಷ್ಟನ್ನು ಆ ಗುಂಪಿನ ದಾಸ್ತಾನಿನಿಂದ ಪೂರೈಸಬಹುದಿತ್ತೆಂದು ಎಣಿಸುವುದು ನಮ್ಮ ಅಭಿಪ್ರಾಯದಲ್ಲಿ ಅತ್ಯುತ್ತಮ ಪರೀಕ್ಷೆ. ಜನೌಷಧಿ ಕೇಂದ್ರವೂ ಇದಕ್ಕೆ ಹೊರತಲ್ಲ. ಅಲ್ಲಿ ತೆರಿಗೆ ಬಿಟ್ಟು ಶೇಕಡ 20 ಲಾಭಾಂಶವೂ ಪ್ರೋತ್ಸಾಹಧನವೂ ಉಂಟು. ಹೊರಗಿನ ಔಷಧ ಮಾರಲು ಅವಕಾಶವಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ನಿತ್ಯದ ಮಾತ್ರೆ ಕೊಳ್ಳುವವರಿರುವ ಬಡಾವಣೆಗೆ ಅದು ಚೆನ್ನಾಗಿ ಒಪ್ಪುತ್ತದೆ.

ಇನ್ನು ಹೊಣೆಗಾರಿಕೆ. ಫಲಕ ಯಾರದೇ ಆಗಲಿ, ನಮೂನೆ 20 ಮತ್ತು 21ರ ಲೈಸೆನ್ಸ್ ನಿಮ್ಮ ಹೆಸರಿನಲ್ಲಿದ್ದರೆ ಇನ್‌ಸ್ಪೆಕ್ಟರ್ ಕೇಳುವುದು ನಿಮ್ಮನ್ನೇ. ಸರಕು ಕಳಪೆಯೆಂದು ತಿಳಿದರೆ ಔಷಧ ಕಾಯಿದೆಯ 19(3)ನೇ ಕಲಮು ಚಿಲ್ಲರೆ ವ್ಯಾಪಾರಿಗೆ ರಕ್ಷಣೆ ಕೊಡುತ್ತದೆ. ಆದರೆ ಲೈಸೆನ್ಸುಳ್ಳವರಿಂದ ಕೊಂಡದ್ದನ್ನೂ, ಎಚ್ಚರದಿಂದ ಪರಿಶೀಲಿಸಿದ್ದನ್ನೂ, ಸರಿಯಾಗಿ ಸಂಗ್ರಹಿಸಿದ್ದನ್ನೂ ತೋರಿಸಬೇಕು. ಬ್ಯಾಚ್ ಸಂಖ್ಯೆಯುಳ್ಳ ಬಿಲ್ಲನ್ನು ಪ್ರತಿ ಪೆಟ್ಟಿಗೆಯೊಡನೆ ಕೊಡದ ಗುಂಪು ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ. 2025ರ ನವೆಂಬರಿನಲ್ಲಿ ಕೋಡೀನ್‌ಯುಕ್ತ ಕೆಮ್ಮಿನ ಸಿರಪ್ಪಿನ ಅಕ್ರಮ ವಹಿವಾಟಿನ ಸಂಬಂಧ ವಾರಾಣಸಿಯ ಹಲವು ಔಷಧ ಸಂಸ್ಥೆಗಳ ಮೇಲೆ ಮೊಕದ್ದಮೆ ದಾಖಲಾದಾಗ ಕಾಗದಪತ್ರಗಳ ಬೆಲೆ ಆ ಊರಿಗೆ ಚೆನ್ನಾಗಿ ತಿಳಿಯಿತು.

ಜಾಗದ ವಿಚಾರವನ್ನು ಬಹಳ ಮಂದಿ ಮರೆಯುತ್ತಾರೆ. ಲೈಸೆನ್ಸ್ ವ್ಯಕ್ತಿಯ ಜೊತೆಗೆ ಕಟ್ಟಡಕ್ಕೂ ಅಂಟಿಕೊಂಡಿರುತ್ತದೆ. 2025ರ ಜೂನಿನಲ್ಲಿ ಲಂಕೆಯ ರಸ್ತೆ ಅಗಲೀಕರಣಕ್ಕಾಗಿ ಹೆಸರಾಂತ ಪೆಹಲ್ವಾನ್ ಲಸ್ಸಿ, ಚಾಚಿ ಕಚೌರಿ ಸೇರಿದಂತೆ ಹಲವು ಅಂಗಡಿಗಳನ್ನು ಕೆಡವಲಾಯಿತು. ಅದೇ ವರ್ಷ ಕರ್ನಾಟಕದಲ್ಲಿ ಸರಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚುವ ಆದೇಶ ಹೊರಟು, ನಡೆಸುತ್ತಿದ್ದವರು ಹೈಕೋರ್ಟಿನ ಮೊರೆಹೋಗಬೇಕಾಯಿತು. ಅಂಗಡಿ ಸ್ಥಳಾಂತರವಾದರೆ ಕರಾರು ಜೊತೆಗೆ ಬರುತ್ತದೆಯೇ, ಠೇವಣಿ ಮರಳುತ್ತದೆಯೇ, ಅವಧಿ ಮೀರುತ್ತಿರುವ ಸರಕನ್ನು ಹಿಂದಕ್ಕೆ ಪಡೆಯುವವರಾರು ಎಂದು ಸಹಿಗೆ ಮುಂಚೆಯೇ ಕೇಳಬೇಕು.

ವ್ಯಾಪಾರಿಗಳ ಸಂಘದ ಮಾತು ಬೇರೆ. ಅಲ್ಲಿ ಸದಸ್ಯರಾಗುವುದು ಒಳ್ಳೆಯದೇ. ಆದರೆ ವಿತರಕರ ನೇಮಕಕ್ಕೆ ಸಂಘದ ನಿರಾಕ್ಷೇಪಣಾ ಪತ್ರ ಕಡ್ಡಾಯವೆನ್ನುವ ಪದ್ಧತಿಯನ್ನು ಸ್ಪರ್ಧಾ ಆಯೋಗ 2013ರಲ್ಲಿಯೇ ಕಾನೂನುಬಾಹಿರವೆಂದು ತೀರ್ಮಾನಿಸಿದೆ.

ಕೊನೆಯದಾಗಿ, ಗ್ರಾಹಕರ ಪಟ್ಟಿ. ಗುಂಪಿನ ತಂತ್ರಾಂಶದಲ್ಲಿ ನಮೂದಾದ ದೂರವಾಣಿ ಸಂಖ್ಯೆಗಳು ಕರಾರು ಮುಗಿದ ಮೇಲೆ ಯಾರ ಸ್ವತ್ತು? ಸಗಟು ಪೂರೈಸುವ ಸಂಸ್ಥೆಯೇ ಅಂತರ್ಜಾಲದಲ್ಲಿ ಮನೆಬಾಗಿಲಿಗೆ ಔಷಧ ಮಾರುವುದೂ ಉಂಟು. ಇಪ್ಪತ್ತು ವರ್ಷ ನಿಮ್ಮಲ್ಲಿಗೇ ಬಂದ ರೋಗಿಗೆ ನಿಮ್ಮ ಗುಂಪೇ ನೇರವಾಗಿ ಸಂದೇಶ ಕಳುಹಿಸಲು ಕರಾರು ಅವಕಾಶ ಕೊಡುವುದಾದರೆ, ಆ ಕಲಮನ್ನು ಹೊಡೆದುಹಾಕಿಸಿದ ಬಳಿಕವೇ ಸಹಿ ಹಾಕಬೇಕು.