ತಂತ್ರಾಂಶದ ಉಗ್ರಾಣವೂ ಅದರ ಮುದ್ರೆಯೂ

ಉಗ್ರಾಣದಿಂದ ಸಾಮಾನು ತರಿಸುವ ಯಜಮಾನನು ಎರಡು ಸಂಗತಿಗಳನ್ನು ವಿಚಾರಿಸುತ್ತಾನೆ. ಮೂಟೆ ಯಾವ ಉಗ್ರಾಣದಿಂದ ಬಂದಿತು ಎಂಬುದು ಒಂದು. ಅದರ ಮೇಲಿನ ಮುದ್ರೆ ಆ ಉಗ್ರಾಣದ್ದೇ ಹೌದೇ ಎಂಬುದು ಇನ್ನೊಂದು. ಗಣಕಯಂತ್ರಕ್ಕೆ ತಂತ್ರಾಂಶವನ್ನು ತರಿಸುವಾಗಲೂ ಈ ಎರಡು ಪ್ರಶ್ನೆಗಳು ಏಳುತ್ತವೆ. ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ವಿತರಣೆಗಳಲ್ಲಿ ಈಚೆಗೆ ಆಗಿರುವ ಒಂದು ಬದಲಾವಣೆಯು ಇವೆರಡಕ್ಕೂ ಒಂದೇ ಕಡೆ ಸ್ಪಷ್ಟವಾದ ಉತ್ತರ ದೊರಕುವಂತೆ ಮಾಡಿದೆ.

ಡೆಬಿಯನ್ ಯೋಜನೆಯನ್ನು 1993ರಲ್ಲಿ ಇಯಾನ್ ಮರ್ಡಾಕ್ ಅವರು ಆರಂಭಿಸಿದರು. 2004ರಲ್ಲಿ ಹೊರಬಂದ ಉಬುಂಟು ಅದನ್ನೇ ಆಧರಿಸಿದೆ. ಇವುಗಳ ತಂತ್ರಾಂಶಗಳು ಪ್ಯಾಕೇಜುಗಳ ರೂಪದಲ್ಲಿ ಅಂತರಜಾಲದ ಉಗ್ರಾಣಗಳಲ್ಲಿರುತ್ತವೆ. ಅವನ್ನು ತರುವ ಸಾಧನದ ಹೆಸರು ‘ಆಪ್ಟ್’. ಅದು ಯಾವ ಉಗ್ರಾಣಕ್ಕೆ ಹೋಗಬೇಕೆಂಬುದನ್ನು ‘ಸೋರ್ಸಸ್.ಲಿಸ್ಟ್’ ಎಂಬ ಕಡತದಲ್ಲಿ ಬರೆದಿಡುವುದು ಬಹುಕಾಲದ ಪದ್ಧತಿಯಾಗಿತ್ತು.

ಆ ಕಡತದಲ್ಲಿ ಒಂದೊಂದು ಮೂಲಕ್ಕೂ ಒಂದೊಂದು ಸಾಲು. ಮೊದಲು ‘ಡೆಬ್’ ಎಂಬ ಪದ, ಅನಂತರ ವಿಳಾಸ, ಆವೃತ್ತಿಯ ಹೆಸರು, ಕೊನೆಗೆ ವಿಭಾಗಗಳು. ಪದದ ಅರ್ಥವು ಅದರ ಸ್ಥಾನದಿಂದಲೇ ನಿರ್ಧಾರವಾಗುತ್ತಿತ್ತು. ಪರಿಷ್ಕರಣೆಗಳಿಗೆ ಬೇರೆ ಸಾಲು, ಮೂಲಸಂಕೇತಕ್ಕೆ ಮತ್ತೊಂದು ಸಾಲು ಬೇಕಾಗಿ ಪಟ್ಟಿಯು ಬೆಳೆಯುತ್ತಿತ್ತು.

ಇದಕ್ಕಿಂತ ಗಂಭೀರವಾದ ಲೋಪ ಮುದ್ರೆಯ ವಿಷಯದಲ್ಲಿತ್ತು. ಉಗ್ರಾಣದವರು ತಮ್ಮ ಪ್ಯಾಕೇಜುಗಳ ವಿವರಪಟ್ಟಿಗೆ ಗುಪ್ತ ಕೀಲಿಯಿಂದ ಸಹಿ ಹಾಕುತ್ತಾರೆ. ಬಳಕೆದಾರನ ಗಣಕವು ಅದಕ್ಕೆ ಹೊಂದುವ ಸಾರ್ವಜನಿಕ ಕೀಲಿಯಿಂದ ಆ ಸಹಿಯನ್ನು ಪರೀಕ್ಷಿಸುತ್ತದೆ. ಹೊರಗಿನ ಉಗ್ರಾಣವೊಂದನ್ನು ಸೇರಿಸುವಾಗ ಅದರ ಕೀಲಿಯನ್ನು ‘ಆಪ್ಟ್-ಕೀ’ ಆಜ್ಞೆಯಿಂದ ಎಲ್ಲಕ್ಕೂ ಸಾಮಾನ್ಯವಾದ ಒಂದೇ ಗೊಂಚಲಿಗೆ ಹಾಕುವುದು ರೂಢಿಯಾಗಿತ್ತು. ಗೊಂಚಲಿನ ಯಾವ ಕೀಲಿಯೂ ಯಾವ ಉಗ್ರಾಣಕ್ಕೂ ಸಲ್ಲುತ್ತಿತ್ತು. ಆದುದರಿಂದ ಒಂದು ಸಣ್ಣ ಉಗ್ರಾಣದ ಗುಪ್ತ ಕೀಲಿ ಕಳವಾದರೂ, ಆ ಸಹಿಯ ಬಲದಿಂದ ಖೋಟಾ ಸಾಮಾನನ್ನು ಮುಖ್ಯ ಉಗ್ರಾಣದ್ದೆಂದು ನಂಬಿಸುವ ಅಪಾಯವಿತ್ತು.

ಹೊಸ ಬರವಣಿಗೆಯ ಕ್ರಮಕ್ಕೆ ‘ಡೆಬ್822’ ಎಂದು ಹೆಸರು. ವಿದ್ಯುನ್ಮಾನ ಅಂಚೆಯ ತಲೆಬರಹಗಳ ಸ್ವರೂಪವನ್ನು ನಿಗದಿಗೊಳಿಸಿದ 1982ರ ಆರ್‌ಎಫ್‌ಸಿ 822 ಎಂಬ ದಾಖಲೆಯಿಂದ ಈ ಸಂಖ್ಯೆ ಬಂದಿದೆ. ಇದರಲ್ಲಿ ಪ್ರತಿಯೊಂದು ವಿವರಕ್ಕೂ ಹೆಸರುಂಟು: ‘ಟೈಪ್ಸ್’ ಎಂದರೆ ಬಗೆ, ‘ಯುಆರ್‌ಐಸ್’ ಎಂದರೆ ವಿಳಾಸ, ‘ಸೂಟ್ಸ್’ ಎಂದರೆ ಆವೃತ್ತಿ, ‘ಕಾಂಪೊನೆಂಟ್ಸ್’ ಎಂದರೆ ವಿಭಾಗ. ಒಂದು ಹೆಸರಿನ ಮುಂದೆ ಹಲವು ಬೆಲೆಗಳನ್ನು ಬರೆಯಬಹುದಾದುದರಿಂದ ನಾಲ್ಕಾರು ಸಾಲುಗಳ ಕೆಲಸ ಒಂದೇ ಖಂಡದಲ್ಲಿ ಮುಗಿಯುತ್ತದೆ. ‘ಸೈನ್ಡ್-ಬೈ’ ಎಂಬ ವಿವರವು ಇವೆಲ್ಲಕ್ಕಿಂತ ಮುಖ್ಯ. ಈ ಉಗ್ರಾಣಕ್ಕೆ ಈ ಕೀಲಿಯೇ ಹೊರತು ಬೇರೆ ಸಲ್ಲದು ಎಂದು ಅದು ಕಟ್ಟುಮಾಡುತ್ತದೆ. ಹಳೆಯ ಸಾಲಿನಲ್ಲಿಯೂ ಚೌಕ ಆವರಣದೊಳಗೆ ಇದನ್ನು ಬರೆಯಲು ಅವಕಾಶ ದೊರೆತಿತ್ತು. ಹೊಸ ಕ್ರಮದಲ್ಲಿ ಅದು ಎದ್ದು ಕಾಣುತ್ತದೆ.

ಆಪ್ಟ್ ಈ ಕ್ರಮವನ್ನು 2015ರ 1.1ನೆಯ ಆವೃತ್ತಿಯಿಂದಲೇ ಓದಬಲ್ಲುದಾಗಿತ್ತು. ಆದರೂ ರೂಢಿ ಬದಲಾಗಲು ವರ್ಷಗಳೇ ಹಿಡಿದವು. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04, ‘ಉಬುಂಟು.ಸೋರ್ಸಸ್’ ಎಂಬ ಕಡತದಲ್ಲಿ ಇದನ್ನೇ ಅಂಗೀಕರಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ, ಹಳೆಯ ಪಟ್ಟಿಯನ್ನು ಹೊಸದಕ್ಕೆ ಪರಿವರ್ತಿಸುವ ‘ಆಪ್ಟ್ ಮಾಡರ್ನೈಜ್-ಸೋರ್ಸಸ್’ ಎಂಬ ಆಜ್ಞೆಯಿದೆ. ಕೈಯಿಂದ ಬದಲಾಯಿಸುವವರು ಹಳೆಯ ಸಾಲುಗಳನ್ನು ತೆಗೆಯಲು ಮರೆತರೆ, ಒಂದೇ ಮೂಲ ಎರಡು ಬಾರಿ ನಮೂದಾಗಿ ಎಚ್ಚರಿಕೆಯ ಸಂದೇಶಗಳು ಬರುತ್ತವೆ.

ಆದರೆ ಮುದ್ರೆ ಸರಿಯಾಗಿದ್ದ ಮಾತ್ರಕ್ಕೆ ಮೂಟೆಯೊಳಗಿನ ಧಾನ್ಯ ಶುದ್ಧವೆಂದು ಹೇಳಲಾಗದು. ಹೊರಗಿನ ಉಗ್ರಾಣವನ್ನು ಪಟ್ಟಿಗೆ ಸೇರಿಸಿದ ಮೇಲೆ, ಅದು ತನ್ನದೇ ಸಹಿಯೊಡನೆ ಕೊಡುವುದೆಲ್ಲವನ್ನೂ ಯಂತ್ರವು ಸ್ವೀಕರಿಸೀತು. ಯಾರ ಮುದ್ರೆಯನ್ನು ಎಲ್ಲಿ ಒಪ್ಪಬೇಕೆಂಬುದನ್ನು ಕಡತವು ಸ್ಪಷ್ಟವಾಗಿ ಹೇಳಬಲ್ಲದು. ಯಾರನ್ನು ನಂಬಬೇಕೆಂಬ ವಿವೇಚನೆ ಮಾತ್ರ ಎಂದಿನಂತೆ ಮನುಷ್ಯನದೇ ಆಗಿ ಉಳಿದಿದೆ.