ಐವತ್ತೆಂಟರ ಹೊಸ್ತಿಲಲ್ಲಿ

ಕಾರ್ಖಾನೆಯಲ್ಲಿಯೋ ಖಾಸಗಿ ಕಚೇರಿಯಲ್ಲಿಯೋ ದುಡಿಯುವವರಿಗೆ ತಿಂಗಳ ಸಂಬಳದಲ್ಲಿ ಭವಿಷ್ಯ ನಿಧಿಗೆಂದು ಹಣ ಮುರಿಯುವುದು ಗೊತ್ತು. ಅದರೊಡನೆ ಪಿಂಚಣಿಯೊಂದು ಬೆಳೆಯುತ್ತಿರುವ ಸಂಗತಿ ಮಾತ್ರ ಅನೇಕರಿಗೆ ನೆನಪಾಗುವುದು ವಯಸ್ಸು ಐವತ್ತು ದಾಟಿದ ಮೇಲೆಯೇ. ಅಷ್ಟರಲ್ಲಿ ಕೆಲವರು ಅದನ್ನು ಕೈಯಾರೆ ಕಳೆದುಕೊಂಡಿರುತ್ತಾರೆ.

ನೌಕರರ ಪಿಂಚಣಿ ಯೋಜನೆ ೧೯೯೫ರ ನವೆಂಬರ್ ೧೬ರಿಂದ ಜಾರಿಗೆ ಬಂದಿತು. ಮಾಲೀಕರು ಕೊಡುವ ವಂತಿಗೆಯಿಂದ ಸಂಬಳದ ನೂರಕ್ಕೆ ೮.೩೩ ಭಾಗ ಇದರ ನಿಧಿಗೆ ಸೇರುತ್ತದೆ. ಕೇಂದ್ರ ಸರ್ಕಾರ ೧.೧೬ ಭಾಗ ಕೂಡಿಸುತ್ತದೆ. ಈ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು ೨೦೧೪ರಲ್ಲಿ ೧೫,೦೦೦ ರೂಪಾಯಿಗೆ ಏರಿಸಲಾಯಿತು.

ಪೂರ್ತಿ ಪಿಂಚಣಿಗೆ ಹತ್ತು ವರ್ಷದ ಸೇವೆಯಾಗಿರಬೇಕು, ೫೮ ವರ್ಷ ತುಂಬಿರಬೇಕು. ಕೊನೆಯ ೬೦ ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ ೭೦ರಿಂದ ಭಾಗಿಸಬೇಕು. ಸಂಬಳ ೧೪,೦೦೦, ಸೇವೆ ೧೦ ವರ್ಷವೆಂದು ಇಟ್ಟುಕೊಳ್ಳಿ: ತಿಂಗಳಿಗೆ ೨,೦೦೦ ರೂಪಾಯಿ. ಕೆಲಸ ಬಿಟ್ಟವರು ೫೦ರ ನಂತರವೇ ಇದನ್ನು ಕೇಳಬಹುದು. ಆದರೆ ಮುಂಚಿತವಾದ ಪ್ರತಿ ವರ್ಷಕ್ಕೂ ನೂರಕ್ಕೆ ನಾಲ್ಕರಂತೆ ಕಡಿತವುಂಟು. ಆ ಕಡಿತ ಜೀವಮಾನವಿಡೀ ಉಳಿಯುತ್ತದೆ. ೫೭ಕ್ಕೆ ಪಡೆದರೆ ೨,೦೦೦ದ ಬದಲು ೧,೯೨೦.

ಎಡವುವುದು ಕೆಲಸ ಬದಲಿಸುವಾಗ. ಒಂದು ಕಡೆ ಆರು ವರ್ಷ, ಇನ್ನೊಂದು ಕಡೆ ಐದು ವರ್ಷ ದುಡಿದವರಿಗೆ ಒಟ್ಟು ಹನ್ನೊಂದು ವರ್ಷದ ಸೇವೆಯುಂಟು. ಮೊದಲ ಕೆಲಸ ಬಿಟ್ಟಾಗ ಪಿಂಚಣಿಯ ಹಣವನ್ನು ಹಿಂದಕ್ಕೆ ತೆಗೆದುಕೊಂಡಿದ್ದರೆ ಆ ಆರು ವರ್ಷ ಅಳಿಸಿಹೋಗುತ್ತದೆ. ಉಳಿದ ಐದಕ್ಕೆ ಮಾಸಿಕ ಪಿಂಚಣಿಯಿಲ್ಲ. ಮಗಳ ಮದುವೆಗೋ ಮನೆಯ ರಿಪೇರಿಗೋ ಬಂದ ಆ ಪುಡಿಗಾಸು ಎಂದೋ ಖರ್ಚಾಗಿರುತ್ತದೆ. ಆದ್ದರಿಂದ ಹಣ ತೆಗೆಯದೆ ಸೇವೆಯನ್ನು ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳಿ, ಇಲ್ಲವೆ ಸ್ಕೀಮ್ ಸರ್ಟಿಫಿಕೇಟ್ ಪಡೆದು ಜೋಪಾನವಾಗಿಡಿ.

ಅಪಘಾತ, ಕಾಯಿಲೆಗಳು ಹತ್ತು ವರ್ಷ ಕಾಯುವುದಿಲ್ಲವಲ್ಲ! ಸೇವೆಯಲ್ಲಿರುವಾಗ ಶಾಶ್ವತವಾಗಿ, ಸಂಪೂರ್ಣವಾಗಿ ದುಡಿಯಲಾರದಂತಾದವರಿಗೆ ಹತ್ತು ವರ್ಷದ ನಿಯಮ ಅಡ್ಡಬರುವುದಿಲ್ಲ. ಒಂದು ತಿಂಗಳ ವಂತಿಗೆ ಸಂದಿದ್ದರೂ ಸಾಕು; ವೈದ್ಯ ಮಂಡಲಿಯ ಪರೀಕ್ಷೆಯಾದ ಮೇಲೆ ಜೀವಮಾನ ಪಿಂಚಣಿ ದೊರೆಯುತ್ತದೆ. ಇದು ತಿಳಿಯದೆ ಅರ್ಜಿಯನ್ನೇ ಹಾಕದೆ ಕುಳಿತ ಕುಟುಂಬ ನಿಮ್ಮ ನೆರೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ನಿವೃತ್ತಿ ಸಮೀಪಿಸಿದವರು ಜನ್ಮದಿನಾಂಕ, ಹೆಸರಿನ ಅಕ್ಷರ, ಹಿಂದಿನ ಕೆಲಸಗಳ ಸೇವೆ ಇವು ದಾಖಲೆಯಲ್ಲಿ ಸರಿಯಾಗಿವೆಯೇ ಎಂದು ಈಗಲೇ ನೋಡಿಕೊಳ್ಳಲಿ. ಪಿಂಚಣಿಯ ಅರ್ಜಿ ೧೦-ಡಿ ನಮೂನೆಯಲ್ಲಿ. ಪಿಂಚಣಿ ಆರಂಭವಾದ ಮೇಲೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಬೇಕು. ಕಾಗದಪತ್ರಗಳು ಎಲ್ಲಿವೆಯೆಂಬುದು ಮನೆಯವರಿಗೂ ತಿಳಿದಿರಲಿ. ಪಿಂಚಣಿದಾರರ ತರುವಾಯ ಪತಿ ಅಥವಾ ಪತ್ನಿಗೂ ಇದರಲ್ಲಿ ಹಕ್ಕುಂಟು.