ಬೆಟ್ಟಕ್ಕೆ ಹೊರಟವರ ಗಂಟು

ಬೆಟ್ಟವೇರುವವನ ಗಂಟು ಹಗುರವಾಗಿರಬೇಕೆಂಬುದು ಎಲ್ಲರೂ ಬಲ್ಲ ಮಾತು. ಯಾವುದನ್ನು ಬಿಟ್ಟು ಹಗುರಗೊಳಿಸಬೇಕೆಂಬುದನ್ನು ಮಾತ್ರ ಆಯಾ ಬೆಟ್ಟವೇ ನಿರ್ಣಯಿಸುತ್ತದೆ. ಮಧುಗಿರಿಗೆ ರಜೆಯಲ್ಲಿ ಬರುವವರ ಚೀಲದಲ್ಲಿ ಉಣ್ಣೆಯಂಗಿ ಎರಡು, ನೀರಿನ ಸೀಸೆ ಒಂದೇ ಇರುವುದುಂಟು. ಬಾಬಾಬುಡನ್‌ಗಿರಿಗೆ ಒಪ್ಪುವ ಈ ಸಿದ್ಧತೆ ಬಯಲುಸೀಮೆಯ ಬಂಡೆಗೆ ಒಪ್ಪದು.

ಕಾರಣ ಸರಳವಾದುದು. ಮೇಲೇರಿದಂತೆ ಗಾಳಿ ತಂಪಾಗುವುದು ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ. ಮಧುಗಿರಿಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರದಲ್ಲಿದ್ದರೂ, ಊರಿನಿಂದ ನಾವು ಏರುವುದು ಸುಮಾರು 400 ಮೀಟರ್ ಮಾತ್ರ. ದೊರೆಯುವ ತಂಪು ಎರಡು ಮೂರು ಡಿಗ್ರಿ. ಅದಕ್ಕೆ ಪ್ರತಿಯಾಗಿ, ನೆರಳಿಲ್ಲದ ಏಕಶಿಲೆ ಹಗಲೆಲ್ಲ ಹೀರಿದ ಬಿಸಿಲನ್ನು ಇಳಿಹೊತ್ತಿನವರೆಗೂ ಕಾವಾಗಿ ಮರಳಿಸುತ್ತದೆ. ಆದುದರಿಂದ ತೆಳುವಾದ, ತಿಳಿಬಣ್ಣದ, ಸಡಿಲವಾದ ತುಂಬುತೋಳಿನ ಹತ್ತಿಯಂಗಿಯೇ ಲೇಸು. ತಲೆಗೊಂದು ಟವೆಲು ಸುತ್ತಿದರೆ ಬಿಸಿಲಿಗೂ ಆಯಿತು, ಬೆವರಿಗೂ ಆಯಿತು. ಕೊರಟಗೆರೆಯ ಸಿದ್ಧರಬೆಟ್ಟದಂಥ ಕುರುಚಲುಕಾಡಿನ ದಾರಿಯಲ್ಲಿ ಮುಳ್ಳಿನಿಂದ ಕಾಲನ್ನು ಕಾಯಲು ಉದ್ದನೆಯ ಷರಾಯಿ ಬೇಕು.

ಮಧುಗಿರಿಯ ಕೋಟೆಯನ್ನು ಪಾಳೆಯಗಾರರು ಕಟ್ಟಿದರು, ಹೈದರಾಲಿ ಬಲಪಡಿಸಿದ. ಹಗೆಯ ಕಾಲು ಜಾರಲೆಂದು ಆರಿಸಿದ ಬಂಡೆ ಪ್ರವಾಸಿಯ ಕಾಲಿಗೆ ರಿಯಾಯಿತಿ ತೋರುವುದಿಲ್ಲ. ಕಡಿದಾದೆಡೆ ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳೇ ಆಧಾರ. ಸವೆದ ಅಟ್ಟೆಯ ಚಪ್ಪಲಿ ಅಲ್ಲಿಗೆ ಸಲ್ಲದು. ಬಂಡೆಯನ್ನು ಕಚ್ಚಿ ಹಿಡಿಯುವ ರಬ್ಬರ್ ಅಟ್ಟೆಯ, ಪಳಗಿದ ಬೂಟು ಬೇಕು. ಹೊಸ ಬೂಟು ಬೊಕ್ಕೆ ಎಬ್ಬಿಸುತ್ತದೆ. ಚೀಲ ಬೆನ್ನಿಗಿರಲಿ, ಎರಡು ಕೈಗಳೂ ಬರಿದಾಗಿರಲಿ.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಆದರೂ ತಲೆಗೆ ಮೂರು ಲೀಟರ್ ಒಯ್ಯುವುದು ಕ್ಷೇಮ. ಕೋಟೆಯ ದೊಣೆಗಳ ನೀರನ್ನು ಕುಡಿಯಲು ನೆಚ್ಚಬಾರದು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಉಪ್ಪು ಬೆರೆಸಿದ ನಿಂಬೆ ಪಾನಕ, ಹುರಿದ ಕಡಲೆಕಾಯಿ, ಬೆಲ್ಲ ಇರಲಿ. ತಿಂಡಿಯನ್ನು ಚೀಲದೊಳಗೇ ಕಟ್ಟಿಡಿ. ಕೈಯಲ್ಲಿ ತೂಗುವ ಪೊಟ್ಟಣ ಕೋತಿಗೆ ಕರೆಯೋಲೆ. ಸುಗಂಧದ್ರವ್ಯ, ಬೆಂಕಿಪೊಟ್ಟಣಗಳನ್ನು ಮನೆಯಲ್ಲಿಯೇ ಬಿಡಿ. ಬಂಡೆಯ ಮೊಗದಲ್ಲಿ ಹೆಜ್ಜೇನು ಕಟ್ಟುವುದುಂಟು. ಘಾಟು ವಾಸನೆಯೂ ಹೊಗೆಯೂ ಅದನ್ನು ಕೆರಳಿಸುತ್ತವೆ.

ಕೊನೆಯದಾಗಿ, ತೂಕವಿಲ್ಲದ ಒಂದು ವಸ್ತು: ಹಿಂದಿರುಗುವ ನಿರ್ಧಾರ. ನೀರು ಅರ್ಧ ಮುಗಿದಾಗ, ಶಿಖರ ಎಷ್ಟೇ ಸಮೀಪದಲ್ಲಿ ಕಂಡರೂ, ಇಳಿಯತೊಡಗಬೇಕು. ದಣಿದ ಮೊಣಕಾಲಿಗೆ ಏರುವುದಕ್ಕಿಂತ ಇಳಿಯುವುದೇ ಕಠಿನ. ಮಳೆ ಹನಿದರಂತೂ ಬಂಡೆ ಹಾವಸೆಗಲ್ಲಾಗುತ್ತದೆ. ಪಾವಗಡ, ಮಿಡಿಗೇಶಿ, ಚನ್ನರಾಯನದುರ್ಗಗಳಿಗೂ ಇದೇ ನಿಯಮ. ನೂರಾರು ವರ್ಷ ನಿಂತ ದುರ್ಗ ಮುಂದಿನ ರಜೆಗೂ ಅಲ್ಲಿಯೇ ಇರುತ್ತದೆ, ನೋಡಲು ನಾವಿರಬೇಕು.